ಅವಳಿಗೂ ಒಂದು ಚೆಂಡು

ಮುರೊಯಿ ಟೊಕಿಯೆಗೆ ಮಕ್ಕಳಿಲ್ಲ. ಮದುವೆಯೂ ಆಗಿಲ್ಲ. ಆದರೆ ಕಡಲತಡಿಯ ಅವಳ ಊರು ನಾಮೆರಿಹಾಮಾದಲ್ಲಿ ಮುಕ್ಕಾಲು ಪಾಲು ಜನ ಮೂವತ್ತಮೂರು ವರ್ಷದಿಂದ ಅವಳನ್ನು ಕರೆಯುವುದು ‘ನಾಗಿಸಾ ಅಮ್ಮ’ ಅಂತ. ಮೀನಂಗಡಿಯವನು ಹಾಗೇ ಕರೆಯುತ್ತಾನೆ, ಅಂಚೆಯವನು ಹಾಗೇ ಕರೆಯುತ್ತಾನೆ. ನಾಗಿಸಾ ಅವಳ ಅಣ್ಣನ ಮಗಳು. ಆ ಹುಡುಗಿ ಈಗ ನಗೋಯಾದಲ್ಲಿ ಹಲ್ಲಿನ ಡಾಕ್ಟರು. ತನ್ನ ಹೆಸರು ಊರಿನಲ್ಲಿ ಸೋದರತ್ತೆಗೆ ಅಂಟಿಕೊಂಡಿರುವ ಬಗ್ಗೆ ಅವಳದೇನೂ ತಕರಾರಿಲ್ಲ.

ಇದಕ್ಕೆಲ್ಲ ಮೂಲ ವಾಲಿಬಾಲ್. ೧೯೮೬ರಲ್ಲಿ ಊರಿನ ಹೆಂಗಸರ ತಂಡ ‘ಹಾಮಾನಾಸು’ವಿಗೆ ಹಿಂದಿನ ಸಾಲಿನ ನಡುವೆ ನಿಲ್ಲುವವರು ಬೇಕಾಗಿದ್ದರು. ಟೊಕಿಯೆಗೆ ಆಗ ಇಪ್ಪತ್ತೆಂಟು. ಶಾಲೆಗಳಿಗೆ ಊಟ ಕಳಿಸುವ ಅಡುಗೆ ಕೇಂದ್ರದಲ್ಲಿ ಕೆಲಸ, ಎತ್ತರದ ಆಳು, ಕಂಬದಂಥ ಕಾಲು. ಹೈಸ್ಕೂಲಿನಲ್ಲಿ ಅವಳು ಎತ್ತದ ಚೆಂಡಿಲ್ಲ ಅಂತ ಹೆಸರಿತ್ತು. ತೊಂದರೆ ಒಂದೇ: ಆ ಲೀಗು ಗೃಹಿಣಿಯರದು. ಮದುವೆಯಾದವರಿಗೆ ಮಾತ್ರ ಪ್ರವೇಶ. ಮದುವೆಯಾಗದ ಹುಡುಗಿಯರು ಆಫೀಸಿನ ತಂಡಗಳಲ್ಲಿ ಆಡಿಕೊಳ್ಳುತ್ತಾರೆ, ಆಮೇಲೆ ಹೇಗೂ ಮದುವೆಯಾಗುತ್ತಾರೆ ಅಂತ ನಿಯಮ ಬರೆದ ಗಂಡಸರ ಲೆಕ್ಕಾಚಾರ. ಹಂಡೆ ತೊಳೆಯುವ ಇಪ್ಪತ್ತೆಂಟರ ಹೆಣ್ಣೊಬ್ಬಳು ಎಲ್ಲಿ ಆಡಬೇಕು ಅನ್ನುವುದು ಆ ತಲೆಗಳಿಗೆ ಹೊಳೆಯಲೇ ಇಲ್ಲ.

ತಂಡದ ಕ್ಯಾಪ್ಟನ್ ಅಕ್ಕಿ ಅಂಗಡಿಯ ಒಗಾಟಾ ಅಮ್ಮ. ಅವರು ನಿಯಮದ ಜೊತೆ ಜಗಳಕ್ಕೆ ಹೋಗುವವರಲ್ಲ, ಪಕ್ಕದಲ್ಲಿ ದಾರಿ ಮಾಡಿಕೊಂಡು ಹೋಗುವವರು. ನೇರ ಟೊಕಿಯೆಯ ಅತ್ತಿಗೆ ಸುಮಿಯೆಯ ಮನೆಗೆ ಹೋಗಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತರು.

“ಸುಮಿಯೆ, ನಿನ್ನ ಹೆಸರು ಸ್ವಲ್ಪ ಬೇಕಿತ್ತು.”

“ಯಾಕೆ?”

“ತಂಡಕ್ಕೆ. ಮುರೊಯಿ ಸುಮಿಯೆ, ಗೃಹಿಣಿ, ಒಂದು ಮಗು. ಆಡೋದು ಟೊಕಿಯೆ.”

“ಹೆಸರು ಎಲ್ಲಿ ಬೇಕಾದ್ರೂ ಆಡ್ಲಿ ಅಕ್ಕ, ನನ್ನ ಮಾತ್ರ ಕರೀಬೇಡಿ. ನಂಗೆ ಮೆಟ್ಲು ಹತ್ತಿದ್ರೇ ಏದುಸಿರು.”

ಅಷ್ಟಕ್ಕೇ ಮುಗಿಯಿತು. ಹೊರಗಿನ ಪಂದ್ಯದಲ್ಲಿ ಯಾರಾದರೂ ಬಾಯಿ ತಪ್ಪಿ ಟೊಕಿಯೆ ಅಂದುಬಿಟ್ಟರೆ? ಅದಕ್ಕೂ ಒಗಾಟಾ ಅಮ್ಮನ ಹತ್ತಿರ ಉಪಾಯವಿತ್ತು. ತಂಡದ ಹೆಂಗಸರು ಒಬ್ಬರನ್ನೊಬ್ಬರು ಕರೆಯುವುದೇ ಮಕ್ಕಳ ಹೆಸರು ಹಿಡಿದು: ಶುಹೇಯಿ ಅಮ್ಮ, ಮಿನೊರಿ ಅಮ್ಮ. ಹಾಗಿದ್ದ ಮೇಲೆ ಇವಳು ನಾಗಿಸಾ ಅಮ್ಮ. “ಇವತ್ತಿಂದ ಟೊಕಿಯೆ ಅನ್ನೋ ಹೆಸರು ನಮ್ಮ ಯಾರ ಬಾಯಲ್ಲೂ ಬರಕೂಡದು. ಮೊದಲು ನಾನೇ ಮರೀತೀನಿ,” ಅಂದರು. ಅಂದಂತೆ ಮರೆತೂಬಿಟ್ಟರು. ಜಿಮ್ನೇಷಿಯಂನಲ್ಲಿ ಶುರುವಾದದ್ದು ಬೀದಿಗೆ ಬಂತು, ಬೀದಿಯಿಂದ ಮೀನಂಗಡಿಗೆ ಹೋಯಿತು.

ಒಂಬತ್ತು ಜನರ ಆಟ ಅದು. ಆರು ಜನರ ಆಟದ ಹಾಗೆ ಸುತ್ತುತ್ತಾ ಜಾಗ ಬದಲಿಸುವುದಿಲ್ಲ. ನಿಂತವರು ನಿಂತಲ್ಲೇ. ಟೊಕಿಯೆ ಹಿಂದಿನ ನಡುವೆ ನಿಂತಳು, ಇಪ್ಪತ್ತಾರು ವರ್ಷ ಅಲ್ಲೇ ನಿಂತಳು. ಎದುರಿನವರು ಹೊಡೆದದ್ದನ್ನೆಲ್ಲ ಎತ್ತಿ ಮುಂದಕ್ಕೆ ಕೊಡುವುದು ಅವಳ ಕೆಲಸ. ಅಂಕ ಗಳಿಸುವವರು ಬೇರೆ, ಚಪ್ಪಾಳೆಯೂ ಬಹುಪಾಲು ಅವರಿಗೇ. ಅದರಿಂದ ಅವಳಿಗೆ ಬೇಜಾರಾಗಿರಲಿಲ್ಲ. ಅಡುಗೆ ಕೇಂದ್ರದಲ್ಲೂ ಅಷ್ಟೇ ಅಲ್ಲವೇ, ತಿಂದ ಮಕ್ಕಳು ಮುಖ ನೋಡಿದ್ದುಂಟೇ?

೧೯೯೧ರಲ್ಲಿ ಹಾಮಾನಾಸು ತಂಡ ಇಡೀ ಸೀಮೆಯ ಕಪ್ ಗೆದ್ದಿತು. ಉತ್ತಮ ಆಟಗಾರ್ತಿ ಪ್ರಶಸ್ತಿ ಮುರೊಯಿ ಸುಮಿಯೆಗೆ ಬಂತು. ಪತ್ರಿಕೆಯಲ್ಲಿ ಫೋಟೋ ಕೂಡ: ನೆಲಕ್ಕೆ ಹಾರಿ ಚೆಂಡಿನಡಿ ಎರಡೂ ಕೈ ಚಾಚಿದ ಹೆಂಗಸು, ಮುಖದ ಮೇಲೆಲ್ಲ ಕೂದಲು. ಪ್ರಶಸ್ತಿ ಪತ್ರ ಅತ್ತಿಗೆಯ ಮನೆಯ ಗೋಡೆಗೇರಿತು. ಹೆಸರು ಅವಳದು ತಾನೇ, ಇನ್ನೆಲ್ಲಿ ಹಾಕಬೇಕು? ಟೊಕಿಯೆ ಹೊಸವರ್ಷಕ್ಕೆ ಅಣ್ಣನ ಮನೆಗೆ ಹೋದಾಗ ಅದರ ಗಾಜು ಒರೆಸಿ ಬರುತ್ತಿದ್ದಳು.

ಮುಂದೆ ನಿಯಮವೇನೋ ಬದಲಾಯಿತು, ಮದುವೆಯಾಗದವರೂ ಬರಬಹುದು ಅಂತಾಯಿತು. ಆದರೆ ಹಳೆಯದನ್ನು ತಿದ್ದಲು ಹೋದರೆ ಕಪ್ ವಾಪಸು ಕೊಡಬೇಕಾಗುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು. ಎಲ್ಲರೂ ಸೇರಿ ಸುಮ್ಮನಿದ್ದರು, ಸುಮ್ಮನಿರುವುದೇ ಅಭ್ಯಾಸವಾಯಿತು.

ಇಂಥ ಊರಿಗೆ ೨೦೧೯ರ ವಸಂತದಲ್ಲಿ ಟೋಕಿಯೋದಿಂದ ಸಿನಿಮಾದವರು ಬಂದರು.

ಎಂಬತ್ತರ ದಶಕದ ಗೃಹಿಣಿಯರ ವಾಲಿಬಾಲ್ ತಂಡದ ಮೇಲೆ ನಗೆಸಿನಿಮಾ. ಪೋಸ್ಟರ್ ಮೊದಲೇ ತಯಾರು: ‘ಒಂಬತ್ತು ಜನ, ಒಂಬತ್ತು ಬಗೆ.’ ನಿರ್ದೇಶಕಿ ಮಿಕುರಿಯಾಗೆ ನಲವತ್ತರ ಆಸುಪಾಸು, ಚುರುಕು ಹೆಂಗಸು. ಕ್ರೀಡೆಯ ಸಿನಿಮಾ ಅಂದರೆ ಶಾಲೆಯ ಸಮವಸ್ತ್ರದ ಹುಡುಗಿಯರು ಬೆವರುವುದು ಅಂತ ತಿಳಿದಿರುವ ಈ ದೇಶದಲ್ಲಿ ಅಮ್ಮಂದಿರನ್ನು, ಅಜ್ಜಿಯರನ್ನು, ಫಿಲಿಪ್ಪೀನ್ಸಿನಿಂದ ಮದುವೆಯಾಗಿ ಬಂದವರನ್ನು ಪರದೆಗೆ ತರುತ್ತೇನೆ ಅಂತ ಹಟ ಹಿಡಿದವಳು. ಮಾತು ತಪ್ಪಿದವಳೂ ಅಲ್ಲ. ಫಿಲಿಪ್ಪೀನ್ಸಿನ ಸೊಸೆಯ ಪಾತ್ರ ಬರೆಯುವ ಮುಂಚೆ ಮೀನಿನ ಕಾರ್ಖಾನೆಯ ಮಾರಿಟೆಸ್ ಜೊತೆ ಎರಡು ದಿನ ಕೂತು ಮಾತಾಡಿದ್ದಳು. ಕಥಾನಾಯಕಿಗೆ ಆ ಹಳೆಯ ಫೋಟೋವೇ ಸ್ಫೂರ್ತಿ: ಮುರೊಯಿ ಸುಮಿಯೆ, ಒಂದು ಮಗುವಿನ ತಾಯಿ.

ಊರಿನವರು ಯಾರೂ ಬಾಯಿ ಬಿಡಲಿಲ್ಲ. ದೂರದಿಂದ ಬಂದವರ ಮುಖಕ್ಕೆ ಹೊಡೆದ ಹಾಗೆ ‘ಅದು ಅವಳಲ್ಲ’ ಅನ್ನುವುದು ಹೇಗೆ? ಪುರಸಭೆಯವರು ಸುಮಿಯೆಯನ್ನೇ ಜಿಮ್ನೇಷಿಯಂಗೆ ಕರೆದುಕೊಂಡು ಬಂದರು. ಅವಳಾದರೂ ಏನು ಮಾಡಿಯಾಳು, ಬರುವುದಿಲ್ಲ ಅಂದರೆ ಕಾರಣ ಹೇಳಬೇಕಲ್ಲ. ಕೆನೆಬಣ್ಣದ ಸೂಟ್ ತೊಟ್ಟು ಬಂದಳು. ಸ್ವಲ್ಪ ಖುಷಿಯಾಗಿಯೇ ಬಂದಳು ಅಂತ ನನ್ನ ಅನುಮಾನ.

ನಿರ್ದೇಶಕಿ ಸೊಂಟ ಬಗ್ಗಿಸಿ ನಮಸ್ಕರಿಸಿ ಕೇಳಿದಳು: “ಆಗೆಲ್ಲ ಅಷ್ಟು ಜೋರಾಗಿ ಬರೋ ಚೆಂಡನ್ನ ಹೇಗೆ ನೋಡ್ತಿದ್ರಿ?”

ಸುಮಿಯೆ ಯೋಚಿಸಿದಳು. “ಕಣ್ಣಲ್ಲಿ.”

ಎಂಥ ವಿನಯ ಅಂತ ಸಿನಿಮಾದವರು ಅದನ್ನು ಬರೆದುಕೊಂಡರು. ಬೆಂಚಿನ ಮೇಲೆ ಕೂತಿದ್ದ ಹಾಮಾನಾಸುವಿನ ಹಳೆಯ ಹೆಂಗಸರು ತಂತಮ್ಮ ಚಪ್ಪಲಿ ನೋಡಿಕೊಂಡರು. ಟೊಕಿಯೆಗೆ ನಗು ತಡೆಯಲಾಗದೆ ಚೆಂಡು ಹೆಕ್ಕುವ ನೆಪದಲ್ಲಿ ಆಚೆ ಹೋದಳು.

ಹೌದು, ಟೊಕಿಯೆಯೂ ಅಲ್ಲಿದ್ದಳು. ನಟಿಯರಿಗೆ ಆಟ ಹೇಳಿಕೊಡಲು ಹಳೆಯ ಆಟಗಾರ್ತಿಯರನ್ನು ಕರೆದಿದ್ದರು. ಅವಳು ಬೆಳಗ್ಗೆ ಅಡುಗೆ ಕೇಂದ್ರ ಮುಗಿಸಿ ಮಧ್ಯಾಹ್ನ ಬರುತ್ತಿದ್ದಳು. ಹೇಳಿಕೊಡುವವರಿಗೂ ಚಿತ್ರಕಥೆಯ ಪ್ರತಿ ಸಿಕ್ಕಿತು. ಅವಳು ಮನೆಗೆ ಒಯ್ದು, ಕನ್ನಡಕ ಹಾಕಿಕೊಂಡು, ಮೊದಲ ಸಲ ಕಥೆಗಾಗಿ ಓದಿದಳು. ನಗುವಲ್ಲಿ ನಕ್ಕಳು. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದಳು.

ಒಂಬತ್ತು ಹೆಂಗಸರಲ್ಲಿ ಒಬ್ಬಳು ದಪ್ಪಗಿದ್ದಾಳೆ, ಮದುವೆಯಾಗಿಲ್ಲ. ಆದರೂ ತಂಡಕ್ಕೆ ಸೇರುವ ಆಸೆ. ಗಂಡ ಹಡಗಿನಲ್ಲಿದ್ದಾನೆ ಅಂತ ಸುಳ್ಳು ಹೇಳಿ ಸೇರಿಕೊಳ್ಳುತ್ತಾಳೆ. ಇಲ್ಲದ ಗಂಡನ ಹೆಸರಿನಲ್ಲಿ ತನಗೆ ತಾನೇ ಕಾಗದ ಬರೆದುಕೊಳ್ಳುತ್ತಾಳೆ. ಸಾರ್ವಜನಿಕ ಸ್ನಾನದ ಮನೆಯಲ್ಲಿ ಆ ಸುಳ್ಳು ಹೊರಬೀಳುತ್ತದೆ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಕೊನೆಯ ಪಂದ್ಯದಲ್ಲಿ ಬೇರೆ ಯಾರೂ ಇಲ್ಲದೆ ಅವಳನ್ನು ಹಿಂದಿನ ನಡುವೆ ನಿಲ್ಲಿಸುತ್ತಾರೆ. ಚೆಂಡು ಬರುವ ಮೊದಲೇ ಜಾರಿ ಬೀಳುತ್ತಾಳೆ, ಚಡ್ಡಿ ಹರಿಯುತ್ತದೆ, ನಾಲ್ಕು ಜನ ಹೊತ್ತುಕೊಂಡು ಹೋಗುತ್ತಾರೆ.

ಬರೆದವರಿಗೆ ಟೊಕಿಯೆ ಅನ್ನುವವಳೊಬ್ಬಳು ಇದ್ದಾಳೆ ಅಂತ ಗೊತ್ತಿರಲಿಲ್ಲ. ನಗಿಸುವುದಕ್ಕೆ ಏನಾದರೂ ಬೇಕು ಅಂತ ಕಟ್ಟಿದ್ದು. ಅವಳು ಪೆನ್ಸಿಲಿನಿಂದ ಗೀಟು ಹಾಕುತ್ತಾ ಯಾರು ಯಾರು ಎಷ್ಟು ಸಲ ಚೆಂಡು ಮುಟ್ಟುತ್ತಾರೆ ಅಂತ ಎಣಿಸಿದಳು. ಕಥಾನಾಯಕಿ ಮೂವತ್ತೊಂದು ಸಲ. ಕ್ಯಾಪ್ಟನ್ ಹದಿನಾಲ್ಕು. ಫಿಲಿಪ್ಪೀನ್ಸಿನ ಸೊಸೆ ಹನ್ನೊಂದು. ಬಸುರಿ ಕೂಡ ನಾಲ್ಕು ಸಲ ಮುಟ್ಟುತ್ತಾಳೆ. ಈ ದಪ್ಪಗಿನವಳು ಒಂದು ಸಲವೂ ಇಲ್ಲ.

ಟೊಕಿಯೆಗೆ ನೋವಾಯಿತು. ಹೆಸರು ಅತ್ತಿಗೆಯ ಪಾಲಾದಾಗ ಆಗದ ನೋವು. ಆಗ ಹೆಸರು ಹೋದರೂ ಚೆಂಡು ಅವಳ ಕೈಯಲ್ಲಿತ್ತು. ಈಗ ಇಡೀ ಊರು ಕೂತು ನೋಡುವ ಪರದೆಯ ಮೇಲೆ, ಅವಳ ಜಾಗದಲ್ಲಿ, ಅವಳಂಥವಳು ಬರಿಗೈಯಲ್ಲಿ ಬಿದ್ದು ಹೋಗುತ್ತಾಳೆ. ಊರಿನವರು ಅವಳ ಮುಖ ನೋಡದೆ ನಗಬೇಕಾಗುತ್ತದೆ. ಆಮೇಲೆ ಮೀನಂಗಡಿಗೆ ಹೋಗುವುದು ಹೇಗೆ?

ಆ ಪಾತ್ರ ಮಾಡುತ್ತಿದ್ದವಳು ಒಸಾಕಾದ ಹಾಸ್ಯಗಾರ್ತಿ. ರಂಗದ ಮೇಲಿನ ಹೆಸರು ಫುಕುಮಾರು, ತೊಂಬತ್ತೆರಡು ಕಿಲೋ. ಅವಳಿಗೆ ಆಟ ಕಲಿಸುವ ಅಗತ್ಯವಿರಲಿಲ್ಲ, ಹಾಗಾಗಿ ಬಿಡುವಿದ್ದಾಗಲೆಲ್ಲ ಟೊಕಿಯೆಯ ಪಕ್ಕ ಕೂತು ಅನ್ನದ ಉಂಡೆ ತಿನ್ನುತ್ತಿದ್ದಳು.

“ಅಕ್ಕ, ನಾನು ಹದಿನೆಂಟು ವರ್ಷದಿಂದ ಬೀಳ್ತಾ ಇದ್ದೀನಿ. ಮೆಟ್ಲಿಂದ, ಸೈಕಲ್‌ನಿಂದ, ಒಂದ್ಸಲ ದೋಣಿಯಿಂದ. ಇಷ್ಟು ನುಣ್ಣಗಿರೋ ನೆಲದ ಮೇಲೆ ಇದೇ ಮೊದಲು.”

“ನೋವಾಗಲ್ವಾ?”

“ಆಗತ್ತೆ. ಅದಕ್ಕೇ ನಗ್ತಾರೆ.” ಇನ್ನೊಂದು ಉಂಡೆ ಬಿಚ್ಚುತ್ತಾ, “ತೆಳ್ಳಗಿರೋರು ಬಿದ್ರೆ ಎತ್ತೋಕ್ ಓಡಿ ಬರ್ತಾರೆ,” ಅಂದಳು.

ಗುಟ್ಟು ಹಿಡಿದವಳು ಹಾಗಿ ಅನ್ನುವ ಹೆಂಗಸು. ಸೆಟ್ಟಿನಲ್ಲಿ ಅವಳ ಕೆಲಸ ಹೋಲಿಸುವುದು. ಹಿಂದಿನ ಶಾಟ್‌ನಲ್ಲಿ ಗ್ಲಾಸಿನಲ್ಲಿ ಎಷ್ಟು ನೀರಿತ್ತು, ಯಾವ ಗುಂಡಿ ಬಿಚ್ಚಿತ್ತು, ಟವೆಲ್ ಯಾವ ಹೆಗಲ ಮೇಲಿತ್ತು, ಎಲ್ಲವನ್ನೂ ಬರೆದಿಟ್ಟುಕೊಂಡು ಮುಂದಿನ ಶಾಟ್ ತಪ್ಪದ ಹಾಗೆ ಕಾಯುತ್ತಾಳೆ. ಬಟ್ಟೆಬರೆಗೆ ಬೇಕಾಗುತ್ತದೆ ಅಂತ ೧೯೯೧ರ ಫೋಟೋವನ್ನು ಪತ್ರಿಕೆಯವರಿಂದ ತರಿಸಿ, ದೊಡ್ಡದು ಮಾಡಿಸಿ, ತನ್ನ ಮೇಜಿನ ಮುಂದೆ ಅಂಟಿಸಿಕೊಂಡಿದ್ದಳು. ಅದರಲ್ಲಿ ಎಡಗೈಯ ಒಳಭಾಗಕ್ಕೆ ಒಂದು ಕಲೆ ಕಾಣುತ್ತದೆ, ಅಂಗೈಯಗಲದ್ದು, ಒಂದು ತುದಿ ಕೊಕ್ಕಿನ ಹಾಗೆ ಚೂಪು.

ಒಂದು ಮಧ್ಯಾಹ್ನ ಟೊಕಿಯೆ ಅಂಗಿಯ ತೋಳು ಮಡಚಿಕೊಂಡು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಹಾಗಿ ಪಕ್ಕದಲ್ಲಿ ಬಂದು ನಿಂತಳು.

“ಅಮ್ಮಾ, ಇದು ಹೇಗಾಯ್ತು?”

“ಅಡುಗೆ ಕೇಂದ್ರದಲ್ಲಿ. ಕರಿಯೋ ಎಣ್ಣೆ ಸಿಡೀತು. ಬಹಳ ಹಿಂದೆ.”

“ಸುಮಿಯೆ ಅವ್ರ ಕೈ ಮೊನ್ನೆ ನೋಡ್ದೆ. ಬೆಣ್ಣೆ ಇದ್ದ ಹಾಗಿದೆ.”

ಟೊಕಿಯೆ ನಲ್ಲಿ ನಿಲ್ಲಿಸಿದಳು. “ಅಡುಗೆ ಕೇಂದ್ರದಲ್ಲಿ ಎಲ್ಲರಿಗೂ ಸುಟ್ಟ ಕಲೆ ಇರತ್ತೆ.”

“ಕೊಕ್ಕು ಇರಲ್ಲ. ಎಡಗೈಯೋ ಬಲಗೈಯೋ ಅನ್ನೋದೇ ನನ್ನ ಹೊಟ್ಟೆಪಾಡು ಅಮ್ಮಾ, ನಂಗೆ ಇದ್ರಲ್ಲಿ ಮೋಸ ಮಾಡೋಕ್ಕಾಗಲ್ಲ.”

ಮರುದಿನ ಬೆಳಗ್ಗೆ ನಿರ್ದೇಶಕಿ ಅಡುಗೆ ಕೇಂದ್ರದ ಹಿಂಬಾಗಿಲಿಗೆ ಬಂದು ನಿಂತಳು. ಟೊಕಿಯೆ ರಬ್ಬರ್ ಬೂಟು, ಏಪ್ರನ್ನು ತೊಟ್ಟು ದೋಣಿಯ ಹುಟ್ಟಿನಷ್ಟು ಉದ್ದದ ಸೌಟಿನಲ್ಲಿ ಮಿಸೊ ಸಾರು ತಿರುವುತ್ತಿದ್ದಳು. ಸಾವಿರದ ಇನ್ನೂರು ಮಕ್ಕಳ ಸಾರು, ನಿಲ್ಲಿಸುವ ಹಾಗಿಲ್ಲ. ಅವಳು ತಿರುವುತ್ತಲೇ ಇದ್ದಳು, ನಿರ್ದೇಶಕಿ ಮಾತಾಡುತ್ತಲೇ ಇದ್ದಳು.

“ನೀವೇ ಅಂತ ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ.”

“ಇವಾಗ ಕೇಳ್ತಿದ್ದೀನಿ. ಪತ್ರಿಕೆಯವರನ್ನ ಕರೆಸ್ತೀನಿ. ಮದುವೆಯಾಗದವಳು ಅಂತ ಹೊರಗಿಟ್ಟಿದ್ರು, ಬೇರೆಯವರ ಹೆಸರಲ್ಲಿ ಆಡಿ ಗೆದ್ರು ಅಂತ ಎಲ್ಲರಿಗೂ ತಿಳೀಲಿ. ಕಥೆನೇ ಬದಲಾಯಿಸ್ತೀನಿ.”

“ಬೇಡ ಮೇಡಂ. ಆ ಕಪ್ ನನ್ನೊಬ್ಬಳದಲ್ಲ, ಇನ್ನೂ ಎಂಟು ಜನ ಇದ್ದಾರೆ. ಒಗಾಟಾ ಅಮ್ಮ ವೃದ್ಧಾಶ್ರಮದಲ್ಲಿದ್ದಾರೆ. ಅವ್ರಿಗೆ ಬೆಳಗ್ಗೆ ತಿಂದಿದ್ದು ನೆನಪಿರಲ್ಲ, ಆ ಕಪ್ ಮಾತ್ರ ನೆನಪಿದೆ. ಅದನ್ನ ಕಿತ್ಕೊಳ್ಳೋಕೆ ನಾನ್ಯಾರು?”

ಸಾರು ಹದಕ್ಕೆ ಬಂದಿತ್ತು. ಟೊಕಿಯೆ ಸೌಟು ಒರಗಿಸಿ, ಏಪ್ರನ್ನಿಗೆ ಕೈ ಒರೆಸಿಕೊಂಡಳು.

“ಒಂದು ಮಾತು ಹೇಳ್ಲಾ? ಆ ದಪ್ಪಗಿನವಳಿಗೆ ಒಂದು ಚೆಂಡು ಕೊಡಿ.”

“ಅದು ಕಾಮಿಡಿ ಅಮ್ಮಾ. ಯಾರಾದ್ರೂ ಬೀಳಲೇಬೇಕಲ್ಲ.”

“ಬೀಳ್ಲಿ. ನಾವೂ ಬಿದ್ದಿದ್ದೀವಿ. ಚೆಂಡಿಗೋಸ್ಕರ ಬಿದ್ದಿದ್ದೀವಿ. ಒಂಬತ್ತು ಜನರ ಆಟದಲ್ಲಿ ಹಿಂದಿನ ನಡುವೆ ಹೊಸಬಳನ್ನ ನಿಲ್ಲಿಸಿದ್ರೆ ಎದುರಿನವರು ಅವಳ ಮೇಲೇ ಹೊಡೀತಾರೆ, ಬಿಡಲ್ಲ. ಅವಳಿಗೆ ಚೆಂಡೇ ಬರಲ್ಲ ಅಂದ್ರೆ ಆಟ ಗೊತ್ತಿರೋರು ಯಾರೂ ನಂಬಲ್ಲ.”

“ಒಂಬತ್ತು ಬಗೆ ಅಂತ ಪೋಸ್ಟರ್‌ನಲ್ಲಿ ಹಾಕಿದ್ದೀನಿ. ಅವಳನ್ನೂ ಸೇರಿಸಿದ್ದೀನಲ್ಲ?”

“ನಾನು ಎಣಿಸ್ದೆ. ಆಡೋರು ಎಂಟೇ ಜನ.”

ನಿರ್ದೇಶಕಿ “ನೋಡೋಣ” ಅಂದು ಹೋದಳು. ನಮ್ಮಲ್ಲಿ ಹಾಗಂದರೆ ಆಗುವುದಿಲ್ಲ ಅಂತಲೇ ಅರ್ಥ. ಟೊಕಿಯೆ ಸಾರಿಗೆ ತೋಫು ಹಾಕಿದಳು.

ಆದರೆ ಅದೇ ಮಧ್ಯಾಹ್ನ ಫುಕುಮಾರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದಳು. “ಅಕ್ಕ, ಒಂದು ಚೆಂಡು ಎತ್ತೋದು ಕಲಿ ಅಂದ್ರು ಡೈರೆಕ್ಟರು. ಸಿನಿಮಾದಲ್ಲಿ ಉಳಿಯತ್ತೋ ಇಲ್ವೋ ಗೊತ್ತಿಲ್ಲವಂತೆ. ನಿರ್ಮಾಪಕರು ಚಡ್ಡಿ ಹರಿಯೋದೇ ಇರ್ಲಿ ಅಂತಿದ್ದಾರಂತೆ.”

“ಉಳಿಯೋದು ಬಿಡೋದು ಅವ್ರಿಗೆ ಬಿಟ್ಟಿದ್ದು. ನೀನು ಸೊಂಟ ಇಳಿಸು.”

“ಇದೇ ಇಳಿದಿರೋದು.”

“ಇನ್ನೂ ಇಳಿಸು. ಕೈ ತಗೊಂಡು ಚೆಂಡಿನ ಹತ್ರ ಹೋಗ್ಬೇಡ. ಕಾಲು ಹೋಗ್ಲಿ. ಕೈ ಸುಮ್ನೆ ತಟ್ಟೆ ಹಿಡಿದ ಹಾಗಿರ್ಲಿ.”

ಹನ್ನೆರಡು ದಿನ ಕಲಿಸಿದಳು. ದಿನಕ್ಕೆ ಇನ್ನೂರು ಚೆಂಡು. ಫುಕುಮಾರುವಿನ ಎರಡೂ ಮುಂಗೈ ನೀಲಿಗಟ್ಟಿದವು. ಬಯ್ದಳು, ಅತ್ತಳು, ಒಸಾಕಾದ ಭಾಷೆಯಲ್ಲಿ ಟೊಕಿಯೆಯ ವಂಶವನ್ನೆಲ್ಲ ಹರಾಜಿಗಿಟ್ಟಳು. ಒಂಬತ್ತನೆಯ ದಿನ ಒಂದು ಚೆಂಡು ಸದ್ದಿಲ್ಲದೆ ಎದ್ದು, ನೆಟ್ಟಿನ ಹತ್ತಿರ ನಿಂತವಳ ನೆತ್ತಿಯ ಮೇಲೆ ನೇರ ಹೋಯಿತು. ಫುಕುಮಾರು ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಂಡಳು. ಏನೂ ಜೋಕ್ ಮಾಡಲಿಲ್ಲ.

ಶೂಟಿಂಗಿನ ದಿನ ಎರಡೂ ತೆಗೆದರು, ಬೀಳುವುದನ್ನೂ, ಎತ್ತುವುದನ್ನೂ. ಯಾವುದನ್ನು ಇಟ್ಟುಕೊಳ್ಳುತ್ತಾರೆ ಅಂತ ಯಾರೂ ಹೇಳಲಿಲ್ಲ. ಸಿನಿಮಾದವರು ಗಂಟುಮೂಟೆ ಕಟ್ಟಿಕೊಂಡು ಹೋದರು. ಬೇಸಗೆ ಕಳೆದು, ಪರ್ಸಿಮನ್ ಹಣ್ಣು ಕೆಂಪಾಗುವ ಹೊತ್ತಿಗೆ ಊರಿಗೇ ಮೊದಲ ಪ್ರದರ್ಶನ ಅಂತ ಸುದ್ದಿ ಬಂತು. ಟೊಕಿಯೆ ಹೋಗದೇ ಇರುವುದು ಅಂತ ಎರಡು ದಿನ ಅಂದುಕೊಂಡಳು. ಆಮೇಲೆ, ನಗುವವರು ನನ್ನೆದುರೇ ನಗಲಿ ಅಂತ ಹೊರಟಳು.

ಭಾನುವಾರ ಮಧ್ಯಾಹ್ನ ಪುರಭವನ ತುಂಬಿತ್ತು. ಮೊದಲ ಸಾಲಿನಲ್ಲಿ ಸುಮಿಯೆ, ಎದೆಗೆ ಮುಖ್ಯ ಅತಿಥಿಯ ಕೆಂಪು ಕಾಗದದ ಹೂವು. ಅವಳ ಪಕ್ಕ ಸೀಮೆಯ ವಾಲಿಬಾಲ್ ಲೀಗಿನ ಅಧ್ಯಕ್ಷರು. ಎರಡನೆಯ ಸಾಲಿನ ತುದಿಗೆ ವೃದ್ಧಾಶ್ರಮದವರು ಒಗಾಟಾ ಅಮ್ಮನನ್ನು ಗಾಲಿಕುರ್ಚಿಯಲ್ಲಿ ತಂದು ನಿಲ್ಲಿಸಿದ್ದರು. ಪಕ್ಕದ ಕುರ್ಚಿ ಟೊಕಿಯೆಯದು. ಮುದುಕಿ ಅವಳನ್ನು ದಿಟ್ಟಿಸಿ, “ಯಾರ ಅಮ್ಮ ನೀನು?” ಅಂತ ಕೇಳಿದರು.

“ನಾಗಿಸಾ ಅಮ್ಮ.”

“ಓ,” ಅಂದರು, ಆದರೆ ಗುರುತು ಹತ್ತಿದ ಹಾಗೆ ಕಾಣಲಿಲ್ಲ.

ಸಿನಿಮಾ ಚೆನ್ನಾಗಿಯೇ ಇತ್ತು. ಮಾರಿಟೆಸ್ ತನ್ನ ಮಾತುಗಳು ಬಂದಾಗೆಲ್ಲ ಗಂಡನ ತೊಡೆಗೆ ಹೊಡೆದು ನಕ್ಕಳು. ಸ್ನಾನದ ಮನೆಯ ದೃಶ್ಯ ಬಂತು. ಹಡಗಿನ ಗಂಡನ ಸುಳ್ಳು ಹೊರಬಿದ್ದಾಗ ಹೊರಗಿನಿಂದ ಬಂದವರು ಜೋರಾಗಿ ನಕ್ಕರು, ಊರಿನವರು ಕೆಮ್ಮಿದರು. ಟೊಕಿಯೆ ಕೈ ಕಟ್ಟಿ ಕೂತಿದ್ದಳು.

ಕೊನೆಯ ಪಂದ್ಯ. ದಪ್ಪಗಿನವಳನ್ನು ಹಿಂದಿನ ನಡುವೆ ನಿಲ್ಲಿಸಿದರು. ಅವಳು ನಡೆಯುವ ಚಂದಕ್ಕೇ ನಗು ಶುರುವಾಯಿತು. ಎದುರಿನ ತಂಡದವಳು ಹಾರಿ ಕೈ ಬೀಸಿದಳು. ಈಗ ಬೀಳುತ್ತಾಳೆ ಅಂತ ಹಿಂದಿನ ಸಾಲುಗಳು ಮೊದಲೇ ನಗಲು ತಯಾರಾದವು.

ಅಷ್ಟರಲ್ಲಿ ಗಾಲಿಕುರ್ಚಿಯಿಂದ ಒಂದು ದನಿ ಎದ್ದಿತು. ಅಕ್ಕಿ ಅಂಗಡಿಯಿಂದ ಬಂದರಿನವರೆಗೆ ಕೇಳುತ್ತಿದ್ದ ಹಳೆಯ ದನಿ.

“ಟೊಕಿಯೆ! ನಿಂದು!”

“ಹಾಂ!”

ಉತ್ತರ ಕೊಟ್ಟದ್ದು ತಾನೇ ಅಂತ ಟೊಕಿಯೆಗೆ ಗೊತ್ತಾದದ್ದು ಎದ್ದು ನಿಂತಮೇಲೆ. ಸೊಂಟ ಇಳಿದಿತ್ತು, ಎರಡೂ ಕೈ ಮುಂದೆ ಚಾಚಿದ್ದವು. ಪರದೆಯ ಮೇಲೆ ದಪ್ಪಗಿನವಳ ಮುಂಗೈಯಿಂದ ಚೆಂಡು ಸದ್ದಿಲ್ಲದೆ ಮೇಲೆದ್ದಿತು. ನಗಲು ತೆರೆದ ಬಾಯಿಗಳು ಹಾಗೇ ಉಳಿದವು.

ಲೀಗಿನ ಅಧ್ಯಕ್ಷರು ಹಿಂದಕ್ಕೆ ತಿರುಗಿ ಅವಳನ್ನೇ ನೋಡುತ್ತಿದ್ದರು. ಸುಮಿಯೆಯೂ ತಿರುಗಿ, ಕೂತ್ಕೋ ಅಂತ ಕೈಸನ್ನೆ ಮಾಡಲು ಹೋಗಿ, ಎತ್ತಿದ ಕೈಯನ್ನು ಎದೆಯ ಹೂವಿನ ಮೇಲೆ ಇಟ್ಟುಕೊಂಡಳು. ಒಗಾಟಾ ಅಮ್ಮ ತಲೆದೂಗುತ್ತಾ, “ಎತ್ತಿದ್ಲು, ನಮ್ಮ ಟೊಕಿಯೆ ಎತ್ತಿದ್ಲು,” ಅಂತ ಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳಿದರು.

ಹಿಂದಿನಿಂದ ಯಾರೋ ಹೊರಗಿನವರು, “ಕೂತ್ಕೊಳ್ಳಿ ಅಮ್ಮಾ, ಕಾಣಲ್ಲ,” ಅಂದರು.

ಟೊಕಿಯೆ ಕೂರಲಿಲ್ಲ.